ಕಾರೈ ಕೊರಕಲುಗಳಲ್ಲಿ, ಮಳೆ ಬಿಟ್ಟ ಮೇಲೆ

ಕರ್ನಾಟಕದಲ್ಲಿ ಹುಟ್ಟಿ ಬೆಳೆದವರಿಗೆ ಪಳೆಯುಳಿಕೆಯ ಹುಚ್ಚು ಹತ್ತಿದರೆ ಸ್ವಲ್ಪ ಕಷ್ಟ. ನಮ್ಮ ಕಾಲಡಿಯ ಕಲ್ಲು ತೀರಾ ಹಳೆಯದು. ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕೂ ಹಿಂದಿನವು. ಆಗ ಭೂಮಿಯ ಮೇಲೆ ಚಿಪ್ಪು, ಮೂಳೆ, ಹಲ್ಲು ಇರುವ ಪ್ರಾಣಿಯೇ ಇರಲಿಲ್ಲ. ಬಾಗಲಕೋಟೆ ಕಡೆ ಕಲಾದಗಿ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಸಿಗುತ್ತವೆ. ಚೆನ್ನಾಗಿವೆ, ಇಲ್ಲ ಅನ್ನಲ್ಲ. ಆದರೆ ಒಂದು ಶಂಖ, ಒಂದು ಮೀನಿನ ಹಲ್ಲು ಕೈಯಲ್ಲಿ ಹಿಡಿದು ನೋಡಬೇಕು ಅಂದರೆ ಗಡಿ ದಾಟಲೇಬೇಕು. ಬೆಂಗಳೂರಿನಿಂದ ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದಾದ ಜಾಗ ತಮಿಳುನಾಡಿನ ಪೆರಂಬಲೂರು–ಅರಿಯಲೂರು ಸೀಮೆ. ಸೇಲಂ ದಾಟಿ ಆತ್ತೂರಿನ ಮೇಲೆ ಹೋದರೆ ಪೆರಂಬಲೂರು ಬರುತ್ತದೆ.

ಅಲ್ಲಿಯ ಕಥೆ ಹೀಗಿದೆ. ದಕ್ಷಿಣದ ಖಂಡಗಳೆಲ್ಲ ಕೂಡಿಕೊಂಡಿದ್ದ ಗೊಂಡ್ವಾನ ಅನ್ನುವ ಮಹಾಖಂಡ ಒಡೆದು ಭಾರತ ಬೇರೆಯಾದಾಗ ನಮ್ಮ ಪೂರ್ವ ಕರಾವಳಿ ಅಂತ ಒಂದು ಹೊಸದಾಗಿ ಹುಟ್ಟಿತು. ನೆಲ ಕುಸಿದು ಕಾವೇರಿ ಜಲಾನಯನ ಎಂದು ಈಗ ಕರೆಯುವ ತಗ್ಗುಗಳಾದವು. ಕ್ರಿಟೇಶಿಯಸ್ ಕಾಲದಲ್ಲಿ, ಅಂದರೆ ಸುಮಾರು 14.5 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ, ಸಮುದ್ರ ಈ ತಗ್ಗುಗಳೊಳಗೆ ನುಗ್ಗಿತು, ಹಿಂದೆ ಸರಿಯಿತು, ಮತ್ತೆ ಬಂತು. ಹೀಗೆ ಕೋಟಿಗಟ್ಟಲೆ ವರ್ಷ. ಆ ಕೆಸರು, ಮರಳು, ಚಿಪ್ಪಿನ ರಾಶಿ ಎಲ್ಲ ಈಗ ಬಂಗಾಳಕೊಲ್ಲಿಯಿಂದ ಎಷ್ಟೋ ದೂರದಲ್ಲಿ, ಹತ್ತಿ ಮತ್ತು ಮೆಕ್ಕೆಜೋಳದ ಹೊಲಗಳ ಮಧ್ಯೆ ಬಿಸಿಲಿಗೆ ಬಿದ್ದಿದೆ. 1840ರ ದಶಕದಲ್ಲಿ ಕೇ ಮತ್ತು ಕನ್ಲಿಫ್ ಎಂಬ ಇಬ್ಬರು ಬ್ರಿಟಿಷರು ಇಲ್ಲಿಂದ ಚಿಪ್ಪುಗಳನ್ನು ಆರಿಸಿ ಲಂಡನ್ನಿಗೆ ಕಳಿಸಿದ್ದರಿಂದ ಈ ಜಾಗ ಹೊರಗಿನವರಿಗೆ ಗೊತ್ತಾಯಿತು.

ನಾವು ಹೋದದ್ದು ಇದರಲ್ಲಿ ಒಂದು ಭಾಗಕ್ಕೆ ಮಾತ್ರ. ಕಾರೈ ಅನ್ನುವ ಹಳ್ಳಿ, ಅದರ ಪೂರ್ವಕ್ಕೆ ಕುಳಕ್ಕಾನತ್ತಂ ಕಡೆಗೆ ಹಬ್ಬಿದ ಬೋಳು ದಿಬ್ಬಗಳು. ಜೇಡಿಮಣ್ಣಿನ ನೆಲ. ಒಂದು ಮರವಿಲ್ಲ, ಬಳ್ಳಾರಿ ಜಾಲಿ ಬಿಟ್ಟರೆ. ಮಳೆ ನೀರು ಕೊರೆದು ಕೊರೆದು ಎಲ್ಲಾ ಕಡೆ ಕೊರಕಲು. ಮಣ್ಣಿನ ಬಣ್ಣ ಒಂದು ಕಡೆ ಹಳದಿ, ಇನ್ನೊಂದು ಕಡೆ ಕೆಂಪು ಮಿಶ್ರಿತ ಕಂದು, ಮಧ್ಯೆ ಮಧ್ಯೆ ಬಿಳಿ ಗೆರೆ. ಮೊದಲ ಸಲ ನೋಡಿದವರು ಇಲ್ಲಿ ಸಿನಿಮಾ ಶೂಟಿಂಗ್ ಯಾಕೆ ಮಾಡಿಲ್ಲ ಅಂತಾರೆ.

ಜೊತೆಗೆ ಬಂದವರು ನನ್ನ ಗೆಳತಿ ಮತ್ತು ನಮಗಿಬ್ಬರಿಗೂ ಈ ರೋಗ ಅಂಟಿಸಿದ ಮೇಷ್ಟ್ರು. ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿ ನಿವೃತ್ತರಾದವರು. ಮಂಡಿನೋವು ಇದೆ, ಆದರೆ ಕಲ್ಲು ಕಂಡರೆ ಮಾತ್ರ ನೋವು ಮರೆತುಹೋಗುತ್ತದೆ.

ಯಾವಾಗ ಹೋಗಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಆ ಸೀಮೆಗೆ ಹಿಂಗಾರು ಮಳೆಯೇ ಮುಖ್ಯ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ವಾಯುಭಾರ ಕುಸಿತ ಅಂತ ಸುದ್ದಿ ಬಂದು ನಾಲ್ಕಾರು ದಿನ ಸುರಿದರೆ ನಮಗೆ ಹಬ್ಬ. ಆದರೆ ಮಳೆ ನಿಂತ ತಕ್ಷಣ ಓಡಿಹೋಗಿ ಪ್ರಯೋಜನವಿಲ್ಲ. ನಾನು ಗದಗಿನ ಎರೆ ಭೂಮಿಯವಳು, ಹಸಿ ಎರೆಮಣ್ಣಿನಲ್ಲಿ ಚಪ್ಪಲಿ ಒಂದೊಂದು ಕೇಜಿ ತೂಗುವುದು ನನಗೇನು ಹೊಸದಲ್ಲ. ಕಾರೈ ಮಣ್ಣು ಅದಕ್ಕೂ ಒಂದು ಕೈ ಮೇಲು. ಒದ್ದೆಯಾದಾಗ ಸೋಪಿನ ಹಾಗೆ ಜಾರುತ್ತದೆ, ದಿಬ್ಬದ ಅಂಚು ಕಾಲಿಟ್ಟಲ್ಲೇ ಕುಸಿಯುತ್ತದೆ, ಕೆಲವು ಕಡೆ ನೀರು ಒಳಗೇ ದಾರಿ ಕೊರೆದು ಮೇಲೆ ಬರೀ ತೆಳು ಪದರ ಉಳಿದಿರುತ್ತದೆ. ಒಂದೆರಡು ದಿನ ಬಿಸಿಲು ಬಿದ್ದು ಮೇಲ್ಮೈ ಒಣಗಿ ಬಿರಿಯಬೇಕು. ಹಾಗಂತ ಹದಿನೈದು ದಿನ ಬಿಟ್ಟು ಹೋದರೆ ಧೂಳು ಕೂತಿರುತ್ತದೆ, ದನ ಕುರಿ ತುಳಿದಿರುತ್ತವೆ, ನಮಗಿಂತ ಮೊದಲು ಯಾರೋ ಬಂದು ಹೋಗಿರುತ್ತಾರೆ.

ಮಳೆ ಏನು ಮಾಡುತ್ತದೆ ಅಂದರೆ, ಈ ಜೇಡಿ ನೀರು ಕುಡಿದು ಉಬ್ಬುತ್ತದೆ. ಒಣಗುವಾಗ ಕುಗ್ಗಿ ಪುಡಿಪುಡಿಯಾಗುತ್ತದೆ. ಮುಂದಿನ ಮಳೆ ಆ ಪುಡಿಯನ್ನು ತೊಳೆದುಕೊಂಡು ಹೋಗುತ್ತದೆ. ಒಳಗಿದ್ದ ಚಿಪ್ಪು, ಹಲ್ಲು, ಗಟ್ಟಿ ಉಂಡೆಗಳು ಭಾರವಾದ್ದರಿಂದ ಅಲ್ಲೇ ಉಳಿಯುತ್ತವೆ. ಅಂದರೆ ಅಗೆಯುವ ಕೆಲಸ ಮಳೆಯೇ ಮಾಡಿಕೊಟ್ಟಿರುತ್ತದೆ, ನಾವು ಬಗ್ಗಿ ನೋಡಿದರೆ ಸಾಕು. ಸುತ್ತಿಗೆ, ಹಾರೆ ಏನೂ ಬೇಡ. ಮೇಷ್ಟ್ರು ಸುತ್ತಿಗೆಯನ್ನು ಕಾರಿನಲ್ಲೇ ಬಿಡಿಸುತ್ತಾರೆ. "ಕೈಯಲ್ಲಿ ಸುತ್ತಿಗೆ ಇದ್ರೆ ಹೊಡೀಬೇಕು ಅನ್ಸುತ್ತೆ ಕಣಮ್ಮಾ, ಅದಕ್ಕೇ ತರೋದೇ ಬೇಡ" ಅನ್ನುತ್ತಾರೆ. ನನಗೂ ಅದು ಸರಿ ಅನಿಸಿದೆ. ದಿಬ್ಬದ ಗೋಡೆ ಕೆದಕಿ ತೆಗೆದ ಚಿಪ್ಪು ಹತ್ತರಲ್ಲಿ ಒಂಬತ್ತು ಸಲ ಒಡೆದೇ ಬರುತ್ತದೆ.

ಇಳಿದ ತಕ್ಷಣ ಕಣ್ಣಿಗೆ ಹೊಡೆಯುವುದು ಜಿಪ್ಸಮ್. ಮಣ್ಣಿನ ಬಿರುಕುಗಳಲ್ಲಿ ಆಮೇಲೆ ಕೂಡಿಕೊಂಡ ಖನಿಜ ಇದು, ಪಳೆಯುಳಿಕೆ ಅಲ್ಲ. ಆ ಬಿಳಿ ಗೆರೆಗಳೆಲ್ಲ ಇದೇ. ಮಳೆ ಬಿದ್ದ ಮೇಲೆ ತುಂಡುತುಂಡಾಗಿ ಇಳಿಜಾರಿನ ಮೇಲೆಲ್ಲ ಹರಡಿಕೊಂಡು ಬಿಸಿಲಿಗೆ ಫಳಫಳ ಹೊಳೆಯುತ್ತದೆ, ಹೊಸಬರು ಮೊದಲ ಅರ್ಧ ಗಂಟೆ ಇದನ್ನೇ ಜೇಬಿಗೆ ತುಂಬಿಕೊಳ್ಳುತ್ತಾರೆ. ಬೆಳಗಿನ ಓರೆ ಬಿಸಿಲಿನಲ್ಲಿ ಹೋದರೆ ಈ ಕಾಟ ಇನ್ನೂ ಜಾಸ್ತಿ. ಆದರೆ ಅದೇ ಓರೆ ಬಿಸಿಲಿನಲ್ಲಿ ಪ್ರತಿ ಸಣ್ಣ ಉಬ್ಬಿಗೂ ನೆರಳು ಬೀಳುವುದರಿಂದ ಬೇಕಾದ್ದೂ ಸುಲಭವಾಗಿ ಕಾಣುತ್ತದೆ. ಹೊಳೆಯುವುದನ್ನು ಬಿಟ್ಟು ಮಂಕಾಗಿರುವುದನ್ನು ಹುಡುಕಲು ಕಣ್ಣಿಗೆ ಹೇಳಿಕೊಡಬೇಕು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಆಮೇಲೆ ಸಿಗಲು ಶುರುವಾಗುವುದು ಬೆಲೆಮ್ನೈಟ್. ಬಳಪದ ತುಂಡು ನೋಡಿದ್ದೀರಲ್ಲ, ಥೇಟ್ ಹಾಗೆ. ಜೇನಿನ ಬಣ್ಣದಿಂದ ಕಂದು ಬಣ್ಣದವರೆಗೆ. ಒಂದು ತುದಿ ಚೂಪು, ಇನ್ನೊಂದು ತುದಿ ಸಾಮಾನ್ಯವಾಗಿ ಮುರಿದಿರುತ್ತದೆ. ಇದು ಕಣವೆ ಮೀನಿನ ಸಂಬಂಧಿಯಾದ ಪ್ರಾಣಿಯೊಂದರ ದೇಹದ ಒಳಗಿದ್ದ ಗಟ್ಟಿ ಭಾಗ. ಮಂಗಳೂರು ಕಡೆಯವರಿಗೆ ಬೊಂಡಾಸ್ ಅಂದರೆ ಗೊತ್ತಾಗುತ್ತದೆ, ಅದೇ ಕುಲದ ದೂರದ ನೆಂಟ. ಮೆತ್ತನೆಯ ಮೈ ಎಲ್ಲ ಕೊಳೆತುಹೋಗಿ ಈ ಕೋಲು ಮಾತ್ರ ಉಳಿದಿದೆ.

ಜಿಪ್ಸಮ್ ಕೂಡ ಕೆಲವೊಮ್ಮೆ ಉದ್ದುದ್ದ ಎಳೆಯ ಕಡ್ಡಿಗಳಾಗಿ ಸಿಗುವುದರಿಂದ ಎರಡನ್ನೂ ಬೇರೆ ಮಾಡುವುದು ಕಲಿಯಬೇಕು. ಉಗುರಿನಿಂದ ಗೀಚಿ ನೋಡಿ. ಗೆರೆ ಬಿದ್ದರೆ ಜಿಪ್ಸಮ್. ಬೆಲೆಮ್ನೈಟ್ ಕ್ಯಾಲ್ಸೈಟ್ ಅನ್ನುವ ಸುಣ್ಣದ ಖನಿಜದಿಂದ ಆದದ್ದು, ಉಗುರಿಗೆ ಬಗ್ಗುವುದಿಲ್ಲ, ಚಾಕುವಿನ ತುದಿ ಬೇಕು. ಮೇಷ್ಟ್ರ ಹತ್ತಿರ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಪುಟ್ಟ ಬಾಟಲಿ ಇರುತ್ತದೆ, ಒಂದು ಹನಿ ಬಿಟ್ಟರೆ ಕ್ಯಾಲ್ಸೈಟ್ ಬುಸ್ಸೆಂದು ನೊರೆ ಉಕ್ಕಿಸುತ್ತದೆ, ಜಿಪ್ಸಮ್ ಸುಮ್ನೆ ಇರುತ್ತದೆ. ಇವೆರಡಕ್ಕಿಂತ ನನಗೆ ಇಷ್ಟವಾದ ಪರೀಕ್ಷೆ ಮುರಿದ ತುದಿಯನ್ನು ಒದ್ದೆ ಮಾಡಿ ಲೆನ್ಸಿನಲ್ಲಿ ನೋಡುವುದು. ಬೆಲೆಮ್ನೈಟ್ ಆಗಿದ್ದರೆ ನಡುವಿನ ಒಂದು ಬಿಂದುವಿನಿಂದ ಹೊರಗೆ ಹರಡಿದ ಹರಳಿನ ಎಳೆಗಳು, ಅದರ ಮೇಲೆ ಒಂದರ ಸುತ್ತ ಒಂದು ಉಂಗುರಗಳು ಕಾಣುತ್ತವೆ. ಆ ಉಂಗುರ ಪ್ರಾಣಿ ಬೆಳೆದ ಗುರುತು. ಒಂದು ಸಲ ಇದನ್ನು ನೋಡಿದರೆ ಮತ್ತೆ ಯಾವ ಪರೀಕ್ಷೆಯೂ ಬೇಡ.

ಇಷ್ಟೊಂದು ಬೆಲೆಮ್ನೈಟ್ ಸಿಗುತ್ತವೆ, ಅಮೊನೈಟ್ ಯಾಕೆ ಕಡಿಮೆ ಅಂತ ನನ್ನ ಗೆಳತಿ ಕೇಳಿದಳು. ಅಮೊನೈಟ್ ಅಂದರೆ ಅದೇ ಕುಲದ, ಆದರೆ ಹೊರಗೆ ಸುರುಳಿ ಚಿಪ್ಪು ಇದ್ದ ಪ್ರಾಣಿ. ಒಳ್ಳೆಯ ಪ್ರಶ್ನೆ. ಉತ್ತರ ಇರುವುದು ಚಿಪ್ಪಿನ ವಸ್ತುವಿನಲ್ಲಿ. ಬೆಲೆಮ್ನೈಟ್ ಕೋಲು ಮೊದಲಿನಿಂದಲೂ ಕ್ಯಾಲ್ಸೈಟ್, ಗಟ್ಟಿಮುಟ್ಟು. ಅಮೊನೈಟ್ ಚಿಪ್ಪು ಅದೇ ವಸ್ತುವಿನ ಅರಗೊನೈಟ್ ಅನ್ನುವ ಇನ್ನೊಂದು ರೂಪದ್ದು. ಅದು ಮಣ್ಣಿನೊಳಗೆ ಕಾಲಾಂತರದಲ್ಲಿ ಕರಗಿಹೋಗುತ್ತದೆ. ಎಷ್ಟೋ ಸಲ ಉಳಿಯುವುದು ಒಳಗೆ ತುಂಬಿಕೊಂಡ ಕೆಸರಿನ ಅಚ್ಚು ಮಾತ್ರ. ಆ ಅಚ್ಚು ಗಟ್ಟಿ ಉಂಡೆಯ ಒಳಗಿದ್ದರೆ ಚೆನ್ನಾಗಿರುತ್ತದೆ, ಬರೀ ಜೇಡಿಯಲ್ಲಿ ಇದ್ದರೆ ಚಪ್ಪಟೆಯಾಗಿ ಕೈಗೆ ತೆಗೆದುಕೊಂಡ ಕೂಡಲೇ ಉದುರುತ್ತದೆ. ಅಂಥದ್ದನ್ನು ತೆಗೆಯಲೇಬಾರದು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದು ಮುಂದೆ ಹೋಗಬೇಕು.

ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ಎರಡು ಉತ್ತರ ಇವೆ, ಎರಡೂ ಒಂದಕ್ಕೊಂದು ಜಗಳ ಆಡುತ್ತವೆ. ಕೊರಕಲಿನ ತಳದಲ್ಲಿ ನೀರು ಹರಿದು ಹೋದ ಜಾಗದಲ್ಲಿ, ತಿರುವುಗಳಲ್ಲಿ, ಭಾರದ ವಸ್ತುಗಳು ಒಂದೇ ಕಡೆ ಸೇರಿರುತ್ತವೆ. ಅಲ್ಲಿ ಕುಕ್ಕರುಗಾಲಲ್ಲಿ ಕೂತರೆ ಹತ್ತು ನಿಮಿಷದಲ್ಲಿ ಕೈತುಂಬ ಸಿಗುತ್ತದೆ. ಆದರೆ ಅವು ಯಾವ ಪದರದಿಂದ ಬಂದವು ಅಂತ ಹೇಳಲು ಬರುವುದಿಲ್ಲ. ಮೇಲಿನ ಪದರದ್ದು ಕೆಳಗಿನದ್ದು ಎಲ್ಲ ಕಲಸಿಹೋಗಿರುತ್ತದೆ. ದಿಬ್ಬದ ಇಳಿಜಾರಿನಲ್ಲಿ ಸಿಕ್ಕದ್ದು ಕಡಿಮೆ, ಆದರೆ ಅದರ ಮೂಲ ಹತ್ತಿರದಲ್ಲೇ, ಸ್ವಲ್ಪ ಮೇಲೆಯೇ ಇರುತ್ತದೆ. ಹಾಗಾಗಿ ನಾವು ಮಾಡಿದ್ದು ಇಷ್ಟು. ತಳದಲ್ಲಿ ಏನು ಸಿಗುತ್ತಿದೆ ಅಂತ ಮೊದಲು ನೋಡುವುದು, ಅಂಥದ್ದೇ ತುಂಡುಗಳು ಇಳಿಜಾರಿನಲ್ಲಿ ಎಲ್ಲಿಯವರೆಗೆ ಇವೆ ಅಂತ ಮೇಲೆ ಮೇಲೆ ಹುಡುಕುತ್ತಾ ಹೋಗುವುದು, ಎಲ್ಲಿ ನಿಂತುಹೋಗುತ್ತವೋ ಅಲ್ಲಿ ಪದರ ಇದೆ ಅಂತ ಲೆಕ್ಕ. ಇದು ನಿಧಾನದ ಕೆಲಸ. ಬಿಸಿಲು ನೆತ್ತಿಗೆ ಬಂದಾಗ ಬೇಡವೇ ಬೇಡ ಅನಿಸುತ್ತದೆ. ಆದರೆ ಜಾಗದ ಗುರುತಿಲ್ಲದ ಪಳೆಯುಳಿಕೆ ಷೋಕೇಸಿಗೆ ಚೆಂದ ಅಷ್ಟೇ, ಬೇರೆ ಯಾವುದಕ್ಕೂ ಬರುವುದಿಲ್ಲ.

ಹೀಗೆ ಮೇಲೆ ಹತ್ತುತ್ತಾ ಹೋದಾಗಲೇ ನನಗೆ ಟರಿಲೈಟೀಸ್ ಸಿಕ್ಕಿದ್ದು. ಮೊದಲ ನೋಟಕ್ಕೆ ಗೋಪುರದ ಆಕಾರದ ಬಸವನಹುಳುವಿನ ಚಿಪ್ಪು. ಮೈ ಮೇಲೆ ಉಬ್ಬು ಗೆರೆಗಳು, ಅದರ ಕೆಳಗೆ ಸಾಲಾಗಿ ಗಂಟುಗಳು. ಮೇಷ್ಟ್ರಿಗೆ ತೋರಿಸಿದೆ.

"ಸಾರ್, ಇದು ಶಂಖದ ಜಾತಿನಾ?"

"ನೀನೇ ಹೇಳು. ಮುರಿದ ಜಾಗ ನೋಡು, ಒಳಗೆ ಗೋಡೆ ಇದೆಯಾ?"

ಇತ್ತು. ಬಸವನಹುಳುವಿನ ಚಿಪ್ಪು ಒಳಗೆ ಒಂದೇ ಉದ್ದ ಕೊಳವೆ, ಪ್ರಾಣಿ ಅದರೊಳಗೆ ಪೂರ್ತಿ ಹಿಂದೆ ಸರಿಯಬಹುದು. ಅಮೊನೈಟ್ ಚಿಪ್ಪಿನಲ್ಲಿ ಅಡ್ಡಗೋಡೆಗಳು ಇರುತ್ತವೆ. ಪ್ರಾಣಿ ವಾಸ ಮಾಡುವುದು ಕಡೆಯ ಕೋಣೆಯಲ್ಲಿ ಮಾತ್ರ. ಹಿಂದಿನ ಕೋಣೆಗಳಲ್ಲಿ ಗಾಳಿ ತುಂಬಿ ತೇಲಲು ಅನುಕೂಲ ಮಾಡಿಕೊಂಡಿರುತ್ತದೆ. ಆ ಗೋಡೆ ಹೊರ ಚಿಪ್ಪಿಗೆ ಸೇರುವ ಜಾಗದಲ್ಲಿ ಒಂದು ಅಂಕುಡೊಂಕು ಗೆರೆ, ಕೆಲವದರಲ್ಲಿ ಎಲೆಯ ಅಂಚಿನಷ್ಟು ಸೂಕ್ಷ್ಮ. ಅಮೊನೈಟ್ ಗುರುತಿಸಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಟರಿಲೈಟೀಸ್ ಹೆಚ್ಚಿನ ಅಮೊನೈಟ್‌ಗಳ ಹಾಗೆ ಚಪ್ಪಟೆಯಾಗಿ ಸುತ್ತಿಕೊಳ್ಳದೆ ಗೋಪುರದ ಹಾಗೆ ಸುತ್ತಿಕೊಂಡ ಜಾತಿ, ಅದಕ್ಕೇ ಮೋಸ ಮಾಡುತ್ತದೆ. ನನ್ನ ತುಂಡಿನ ಗಂಟುಗಳ ಜೋಡಣೆ ನೋಡಿ ಮೇಷ್ಟ್ರು ಟರಿಲೈಟೀಸ್ ಕಾಸ್ಟೇಟಸ್ ಇರಬೇಕು ಅಂದರು. ಈ ಜಾತಿ ಸೆನೊಮೇನಿಯನ್ ಅನ್ನುವ ಕಾಲದ್ದು, ಅಂದರೆ ಸುಮಾರು 10 ಕೋಟಿಯಿಂದ 9.4 ಕೋಟಿ ವರ್ಷಗಳ ಹಿಂದಿನ ಅವಧಿ. ಯುರೋಪಿನಲ್ಲೂ ಸಿಗುತ್ತದೆ. ಕಾರೈ ದಿಬ್ಬದ ಒಂದು ಪದರವನ್ನೂ ಇಂಗ್ಲೆಂಡಿನ ಒಂದು ಸುಣ್ಣದ ಬಂಡೆಯನ್ನೂ ಒಂದೇ ಕಾಲದವು ಅಂತ ಜೋಡಿಸಲು ಇಂಥ ಚಿಪ್ಪು ಸಾಕು. ಅಮೊನೈಟ್‌ಗಳು ಬೇಗ ಬೇಗ ರೂಪ ಬದಲಿಸಿದವು, ದೂರ ದೂರ ಹರಡಿದವು. ಅದಕ್ಕೇ ಅವು ಕಾಲ ಹೇಳುವ ಕೆಲಸಕ್ಕೆ ಬರುತ್ತವೆ. ಬಳಪದ ಹಾಗಿರುವ ಬೆಲೆಮ್ನೈಟ್ ತುಂಡಿನಿಂದ ಅಷ್ಟು ಸುಲಭವಾಗಿ ಇದು ಆಗದು.

ಚಪ್ಪಟೆ ಸುತ್ತಿನದು ಸಿಕ್ಕಾಗ ಇನ್ನೊಂದು ಗೊಂದಲ, ನಾಟಿಲಸ್, ಈಗಲೂ ಸಮುದ್ರದಲ್ಲಿರುವ ಸುರುಳಿ ಚಿಪ್ಪಿನ ನೆಂಟ. ಅದಕ್ಕೂ ಕೋಣೆಗಳಿವೆ. ಆದರೆ ಅದರ ಗೆರೆ ಸರಳ, ಸುಮ್ಮನೆ ಬಾಗಿರುತ್ತದೆ ಅಷ್ಟೇ. ಕೋಣೆಯಿಂದ ಕೋಣೆಗೆ ಹೋಗುವ ಸಣ್ಣ ಕೊಳವೆ ನಾಟಿಲಸ್‌ನಲ್ಲಿ ಗೋಡೆಯ ಮಧ್ಯದ ಆಸುಪಾಸು ಇರುತ್ತದೆ, ಅಮೊನೈಟ್‌ನಲ್ಲಿ ಹೊರ ಅಂಚಿಗೆ ಅಂಟಿಕೊಂಡಿರುತ್ತದೆ. ಇನ್ನು ಕಿರುಬೆರಳಿನ ಉಗುರಿನಷ್ಟು ಸಣ್ಣ ಸುರುಳಿಗಳು ರಾಶಿ ಸಿಗುತ್ತವೆ, ಒಳಗೆ ಕೋಣೆಯೂ ಇಲ್ಲ, ಸುತ್ತು ಕೂಡ ಸರಿಯಾಗಿಲ್ಲ. ಅವು ಸರ್ಪ್ಯುಲಿಡ್ ಹುಳುಗಳ ಕೊಳವೆ ಮನೆ. ಮಕ್ಕಳು ಇವನ್ನೇ ಮರಿ ಅಮೊನೈಟ್ ಅಂದುಕೊಂಡು ಆರಿಸುತ್ತಾರೆ.

ಮಧ್ಯಾಹ್ನ ಕೊರಕಲಿನ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ್ದೆವು. ಆಡು ಮೇಯಿಸುತ್ತಿದ್ದ ಒಬ್ಬ ಹೆಂಗಸು ಬಂದರು. ನಮ್ಮ ತಮಿಳು ಹರಕುಮುರುಕು. "ಅಕ್ಕಾ, ಇಂಗೆ ವಾಂಗ" ಅಂದು ಚಿತ್ರಾನ್ನ ಕೊಟ್ಟೆವು. ತಿನ್ನುತ್ತಾ ನಮ್ಮ ಡಬ್ಬಿಯೊಳಗೆ ಇಣುಕಿ ನೋಡಿ ನಕ್ಕರು. ಡೈನೋಸಾರ್ ಮುಟ್ಟೈ ಹುಡುಕಲು ಬಂದಿರಾ ಅಂತ ಕೇಳಿದರು. ಅದಕ್ಕೊಂದು ಹಿನ್ನೆಲೆ ಇದೆ. 2020ರಲ್ಲಿ ಇದೇ ಜಿಲ್ಲೆಯ ಕುನ್ನಂ ಹತ್ತಿರ ಕೆರೆ ಹೂಳು ತೆಗೆಯುವಾಗ ದೊಡ್ಡ ದೊಡ್ಡ ಗುಂಡನೆಯ ಉಂಡೆಗಳು ಸಿಕ್ಕಿ, ಡೈನೋಸಾರ್ ಮೊಟ್ಟೆ ಅಂತ ವಾಟ್ಸಾಪಿನಲ್ಲಿ ಹರಿದಾಡಿತು. ಭೂವಿಜ್ಞಾನಿಗಳು ನೋಡಿ ಅವು ಮೊಟ್ಟೆ ಅಲ್ಲ, ಅಮೊನೈಟ್ ಸುತ್ತ ಮಣ್ಣು ಗಟ್ಟಿಯಾಗಿ ಆದ ಉಂಡೆಗಳು ಅಂದರು. ಅಂಥ ಉಂಡೆ ಆಗುವುದು ಹೀಗೆ. ಸತ್ತ ಪ್ರಾಣಿ ಕೆಸರಿನಲ್ಲಿ ಕೊಳೆಯುವಾಗ ಅದರ ಸುತ್ತಲಿನ ನೀರಿನ ಗುಣ ಬದಲಾಗಿ ಖನಿಜ ಅಲ್ಲಿಯೇ ಕೂಡಿಕೊಳ್ಳುತ್ತದೆ, ಹೊರಗೆ ಹೊರಗೆ ಬೆಳೆಯುತ್ತಾ ಹೋಗುತ್ತದೆ. ಎಲ್ಲ ಉಂಡೆಯ ಒಳಗೂ ಚಿಪ್ಪು ಇರುತ್ತದೆ ಅಂತೇನಿಲ್ಲ. ಮೊಟ್ಟೆ ಆಗಬೇಕಾದರೆ ಹೊರಗೆ ಒಂದೆರಡು ಮಿಲಿಮೀಟರ್ ದಪ್ಪದ, ಸಣ್ಣ ರಂಧ್ರಗಳಿರುವ ಓಡು ಕಾಣಬೇಕು. ಇದನ್ನೆಲ್ಲ ಆ ಅಕ್ಕನಿಗೆ ನಮ್ಮ ತಮಿಳಿನಲ್ಲಿ ಹೇಳುವಷ್ಟರಲ್ಲಿ ಆಡುಗಳು ಆಚೆ ದಿಬ್ಬ ದಾಟಿದ್ದವು.

ಕಾರೈಯಲ್ಲಿ ಫಾಸ್ಫೇಟ್ ಉಂಡೆಗಳೂ ಇವೆ. ಕಡುಕಂದು, ಗಾತ್ರಕ್ಕೆ ಮೀರಿದ ಭಾರ. ಅವುಗಳ ಜೊತೆಯಲ್ಲೇ ಶಾರ್ಕ್ ಹಲ್ಲು ಸಿಗುವ ಸಾಧ್ಯತೆ ಜಾಸ್ತಿ. ನನ್ನ ಗೆಳತಿಗೆ ಬೇಕಿದ್ದದ್ದು ಅದೊಂದೇ. ಹಲ್ಲು ಹುಡುಕುವವರು ನಿಂತು ನೋಡಿದರೆ ಆಗುವುದಿಲ್ಲ, ಮಂಡಿಯೂರಬೇಕು. ಅವಳು ಹಳೆಯ ರವೆ ಜರಡಿ ತಂದಿದ್ದಳು. ಕೊರಕಲಿನ ತಳದ ಸಣ್ಣ ಕಲ್ಲುಮಣ್ಣನ್ನು ಹಾಕಿ ಅಲ್ಲಾಡಿಸುತ್ತಾ ಕೂತಳು, ನಾವು ಎರಡು ದಿಬ್ಬ ಸುತ್ತಿ ಬಂದರೂ ಅಲ್ಲೇ ಇದ್ದಳು. ಕೊನೆಗೆ ಸಿಕ್ಕಿತು. ಅರ್ಧ ಸೆಂಟಿಮೀಟರ್ ಇರಬಹುದು. ಹಲ್ಲಿನ ಗುರುತು ಹೊಳಪು. ಜಿಪ್ಸಮ್ ಗಾಜಿನ ಹಾಗೆ ಎಲ್ಲ ಮುಖದಿಂದ ಹೊಳೆಯುತ್ತದೆ, ಹಲ್ಲಿನ ಮೇಲಿನ ಭಾಗ ಮಾತ್ರ ನಯವಾಗಿ ಕಂದಾಗಿ ಹೊಳೆದು ಬೇರಿನ ಭಾಗ ಮಂಕಾಗಿ ಒರಟಾಗಿರುತ್ತದೆ. ಅಂಚು ಗರಗಸದ ಹಾಗಿದೆಯೋ ನಯವಾಗಿದೆಯೋ, ಪಕ್ಕದಲ್ಲಿ ಸಣ್ಣ ಉಪಹಲ್ಲು ಇದೆಯೋ ಇಲ್ಲವೋ, ಅದರ ಮೇಲೆ ಜಾತಿ ಗುರುತಿಸುತ್ತಾರೆ. ಇದರದ್ದು ನಯವಾದ ಅಂಚು, ಪಕ್ಕದಲ್ಲಿ ಒಂದು ಉಪಹಲ್ಲು. ಆಮ್ಲದ ಬಾಟಲಿಯನ್ನು ಹಲ್ಲಿನ ಹತ್ತಿರ ಮಾತ್ರ ತರಬೇಡಿ.

ಇದೇ ಪದರಗಳಲ್ಲಿ ಸಮುದ್ರದ ಸರೀಸೃಪಗಳೂ ಇವೆ. 1879ರಲ್ಲಿ ಪಳೆಯುಳಿಕೆ ತಜ್ಞ ಲಿಡೆಕ್ಕರ್ ಈ ಸೀಮೆಯಿಂದ ಬಂದ ಬೆನ್ನುಮಣಿಗಳನ್ನು ನೋಡಿ ಮೀನಿನ ಆಕಾರದ ಸಮುದ್ರ ಸರೀಸೃಪವಾದ ಇಕ್ತಿಯೋಸಾರ್‌ನದು ಅಂದು ಇಂಡಿಕಸ್ ಅಂತ ಹೆಸರಿಟ್ಟರು. ಅದಕ್ಕೆ ದಿನವೆಲ್ಲ ಎಲ್ಲರ ಕಣ್ಣೂ ಅಂಥ ಬೆನ್ನುಮಣಿಯ ಹಾಗಿರುವ ಗುಂಡನೆಯ ಬಿಲ್ಲೆಯನ್ನು ಹುಡುಕುತ್ತಿರುತ್ತದೆ. ಸಂಜೆ ಹೊರಡುವ ಹೊತ್ತಿಗೆ ಇಳಿಜಾರಿನಲ್ಲಿ ಅಂಥದ್ದೊಂದು ನನಗೆ ಕಂಡಿತು. ಎರಡು ರೂಪಾಯಿ ನಾಣ್ಯದಷ್ಟು ಅಗಲ, ಎರಡೂ ಕಡೆ ಒಳಗೆ ತಗ್ಗು. ನಾನು ಕೂಗಿದ ಕೂಗಿಗೆ ಮೇಷ್ಟ್ರು ಮಂಡಿನೋವು ಮರೆತು ಓಡಿ ಬಂದರು. ನೋಡಿದರು, ತಿರುಗಿಸಿದರು, ಲೆನ್ಸ್ ಇಟ್ಟರು, ಏನೂ ಹೇಳಲಿಲ್ಲ. "ಮೊದಲು ಜಾಗ ಬರ್ಕೋ" ಅಂದರು. ಫೋನಿನಲ್ಲಿ ಜಿಪಿಎಸ್ ಅಂಕಿ, ದಿಬ್ಬದ ಫೋಟೋ ದೂರದಿಂದ ಒಂದು ಹತ್ತಿರದಿಂದ ಒಂದು, ಕೆಳಗಿನಿಂದ ಎಷ್ಟು ಎತ್ತರ, ಮಣ್ಣಿನ ಬಣ್ಣ ಏನು, ಪಕ್ಕದಲ್ಲಿ ಏನೇನು ಬಿದ್ದಿತ್ತು. ಇಷ್ಟು ಬರೆದ ಮೇಲೆ ಹತ್ತಿಯಲ್ಲಿ ಸುತ್ತಿ ಮಾತ್ರೆ ಡಬ್ಬಿಗೆ ಹಾಕಿದೆವು.

ಮಾರನೇ ದಿನ ದಾರಿಯಲ್ಲಿ ಸಾತನೂರಿನ ಕಲ್ಲಾದ ಮರ ನೋಡಿಕೊಂಡು ಬಂದೆವು. 18 ಮೀಟರಿಗೂ ಉದ್ದದ ಕಾಂಡ, 1940ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಎಂ.ಎಸ್. ಕೃಷ್ಣನ್ ಗುರುತಿಸಿದ್ದು. ಸಮುದ್ರಕ್ಕೆ ಕೊಚ್ಚಿ ಬಂದು ಮುಳುಗಿ ಹೂತ ಮರ. ಬೇಲಿ ಹಾಕಿ ಕಾಪಾಡಿದ್ದಾರೆ. ಅರಿಯಲೂರು ಹತ್ತಿರ ವಾರಣವಾಸಿಯಲ್ಲಿ ಪಳೆಯುಳಿಕೆಗಳದ್ದೇ ಒಂದು ಸಂಗ್ರಹಾಲಯ ಇದೆ. ನನ್ನ ಸಲಹೆ, ಕಾರೈಗೆ ಹೋಗುವ ಮೊದಲೇ ಅದನ್ನು ನೋಡಿ, ಆಮೇಲೆ ಅಲ್ಲ. ಕಣ್ಣಿಗೆ ಆಕಾರ ಪರಿಚಯವಾಗಿದ್ದರೆ ನೆಲದಲ್ಲಿ ಅದೇ ಎದ್ದು ಕಾಣುತ್ತದೆ. ಕಲ್ಲಂಕುರಿಚ್ಚಿ ಸುಣ್ಣಕಲ್ಲಿನ ದಪ್ಪ ದಪ್ಪ ಗ್ರೈಫಿಯಾ ಅನ್ನುವ ಸಿಂಪಿ ಜಾತಿಯ ಚಿಪ್ಪುಗಳು ಅಲ್ಲಿವೆ. ಆ ಪದರ ಕಾರೈಗಿಂತ ಎಷ್ಟೋ ಹೊಸದು, ಕ್ರಿಟೇಶಿಯಸ್ ಮುಗಿಯುವ ಹೊತ್ತಿನದು. ಅರಿಯಲೂರಿನ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವುದು ಅದೇ ಕಲ್ಲು. ಗಣಿಯೊಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ. ನಮ್ಮ ಮನೆಗಳ ಗೋಡೆಯಲ್ಲಿ ಎಷ್ಟು ಚಿಪ್ಪು ಪುಡಿಯಾಗಿ ಸೇರಿದೆಯೋ.

ಮನೆಗೆ ಬಂದ ಮೇಲಿನ ಕೆಲಸ ಹೊಲದ ಕೆಲಸಕ್ಕಿಂತ ಹೆಚ್ಚು. ಮಣ್ಣು ಮೆತ್ತಿದ ತುಂಡುಗಳನ್ನು ಹಸಿಯಾಗಿರುವಾಗಲೇ ತಿಕ್ಕಬಾರದು. ನೆರಳಲ್ಲಿ ಪೂರ್ತಿ ಒಣಗಿಸಿ, ಆಮೇಲೆ ನೀರಿಗೆ ಬಿಟ್ಟರೆ ಜೇಡಿ ತಾನಾಗಿಯೇ ಬಿರಿದು ಕೆಳಗೆ ಉದುರುತ್ತದೆ, ಹಸಿ ಜೇಡಿ ಹಾಗೆ ಬಿಡುವುದಿಲ್ಲ. ಉಳಿದದ್ದಕ್ಕೆ ಹಳೆಯ ಟೂತ್‌ಬ್ರಷ್. ಬಿರುಕು ಇರುವ ಅಮೊನೈಟ್ ಅಚ್ಚುಗಳನ್ನು ನೀರಿಗೆ ಹಾಕಲೇಬೇಡಿ, ಜೇಡಿಯ ಜೊತೆ ಅದೂ ಹೋಗುತ್ತದೆ. ಪ್ರತಿಯೊಂದರ ಮೇಲೂ ಕಾಣದ ಬದಿಯಲ್ಲಿ ವೈಟ್‌ನರ್ ಚುಕ್ಕೆ, ಅದರ ಮೇಲೆ ಇಂಕಿನಲ್ಲಿ ನಂಬರು, ಅದು ಒಣಗಿದ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್. ನಂಬರಿಗೆ ತಕ್ಕ ವಿವರ ನೋಟ್‌ಬುಕ್ಕಿನಲ್ಲಿ.

ಟೇಬಲ್ ಮೇಲೆ ಹರಡಿದ್ದು ನೋಡಿ ನಮ್ಮ ಅತ್ತೆ ಒಂದು ಅಮೊನೈಟನ್ನು ಕೈಗೆ ತೆಗೆದುಕೊಂಡು "ಇದು ಸಾಲಿಗ್ರಾಮ ಅಲ್ವೇನೇ? ಮೇಜಿನ ಮೇಲೆ ಇಟ್ಟಿದ್ದೀಯಲ್ಲ" ಅಂದರು. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ದೇವರ ಮನೆಯ ಸಾಲಿಗ್ರಾಮ ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಕಪ್ಪು ಉಂಡೆ, ಒಳಗಿನ ಚಕ್ರ ಅಮೊನೈಟ್‌ನದೇ. ಆದರೆ ಅವು ಜುರಾಸಿಕ್ ಕಾಲದವು, ಇವಕ್ಕಿಂತ ಹಳೆಯವು. ಅತ್ತೆಗೆ ಹಳೆಯದು ಅಂದದ್ದು ಸಮಾಧಾನ ತಂದಿತು. "ಹಂಗಾದ್ರೆ ನಮ್ದೇ ಹಿರಿದು" ಅಂದು ವಾಪಸ್ ಇಟ್ಟರು.

ಗುರುತಿಸಲು ನಾನು ಹೆಚ್ಚು ನೆಚ್ಚಿಕೊಂಡದ್ದು ಫರ್ಡಿನಾಂಡ್ ಸ್ಟೊಲಿಟ್ಸ್ಕಾ 1860 ಮತ್ತು 70ರ ದಶಕಗಳಲ್ಲಿ ಮಾಡಿಸಿದ ಚಿತ್ರಫಲಕಗಳನ್ನು. ಈಗಿನ ಚೆಕ್ ದೇಶದ ಮೊರೇವಿಯಾದಿಂದ ಭೂವೈಜ್ಞಾನಿಕ ಸರ್ವೇಕ್ಷಣಾಲಯಕ್ಕೆ ಕೆಲಸಕ್ಕೆ ಬಂದವರು, ದಕ್ಷಿಣ ಭಾರತದ ಈ ಕ್ರಿಟೇಶಿಯಸ್ ಪ್ರಾಣಿಗಳನ್ನು ಒಂದೊಂದಾಗಿ ವಿವರಿಸಿ ಹಲವು ಸಂಪುಟ ಬರೆದರು, 1874ರಲ್ಲಿ ಲಡಾಖಿನಲ್ಲಿ ತೀರಿಕೊಂಡರು. ವಯಸ್ಸು ನಲವತ್ತೂ ಆಗಿರಲಿಲ್ಲ. ಆ ಸಂಪುಟಗಳು ಈಗ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹೆಸರುಗಳು ಎಷ್ಟೋ ಬದಲಾಗಿವೆ. ಅದಕ್ಕೆ ಹಳೆಯ ಹೆಸರು ಹಿಡಿದು ಹೊಸ ಹೆಸರು ಹುಡುಕಬೇಕಾಗುತ್ತದೆ. ಆದರೆ ಚಿತ್ರ ಎಂದರೆ ಅದು ಚಿತ್ರ. ಫೋಟೋದಲ್ಲಿ ಬೆಳಕಿಗೆ ಕಳೆದುಹೋಗುವ ಗೆರೆ, ಗಂಟು, ತಗ್ಗು ಎಲ್ಲ ಆ ಚಿತ್ರದಲ್ಲಿ ನಿಚ್ಚಳ. ಈಗಿನ ಫೋನ್ ಆ್ಯಪುಗಳಿಗೆ ಫೋಟೋ ಕೊಟ್ಟರೆ ಏನೋ ಒಂದು ಯುರೋಪಿನ ಹೆಸರು ಹೇಳಿ ಕೈತೊಳೆದುಕೊಳ್ಳುತ್ತವೆ. ನನಗೆ ಅವುಗಳ ಮೇಲೆ ನಂಬಿಕೆ ಇಲ್ಲ.

ಎಲ್ಲಕ್ಕೂ ಪೂರ್ತಿ ಹೆಸರು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ತುದಿ ಇಲ್ಲದ ಬೆಲೆಮ್ನೈಟ್ ತುಂಡಿಗೆ "ಬೆಲೆಮ್ನೈಟ್, ತುಂಡು" ಅಂತ ಬರೆದು ಬಿಟ್ಟಿದ್ದೇನೆ. ಸವೆದ ಅಮೊನೈಟಿಗೆ "ಅಮೊನೈಟ್, ಗಂಟುಳ್ಳದ್ದು". ಊಹೆ ಮಾಡಿ ಲ್ಯಾಟಿನ್ ಹೆಸರು ಬರೆದರೆ ನೋಡಲು ಗತ್ತಾಗಿರುತ್ತದೆ, ಆದರೆ ಮುಂದೆ ನೋಡುವವರಿಗೆ ದಾರಿ ತಪ್ಪುತ್ತದೆ.

ಆ ಬಿಲ್ಲೆಯ ವಿಷಯ. ಇಕ್ತಿಯೋಸಾರ್ ಬೆನ್ನುಮಣಿ ಎರಡೂ ಕಡೆ ತಗ್ಗಿರುವ ಬಿಲ್ಲೆಯೇ, ನಿಜ. ಆದರೆ ಅದು ಮೂಳೆ, ಮುರಿದ ಅಂಚಿನಲ್ಲಿ ಸಣ್ಣ ಸಣ್ಣ ರಂಧ್ರ ಕಾಣಬೇಕು, ಪಕ್ಕೆಯಲ್ಲಿ ಪಕ್ಕೆಲುಬು ಕೂರುವ ಗುಬುಟು ಇರಬೇಕು. ನಮ್ಮದರ ತಗ್ಗಿನಲ್ಲಿ ಒಂದರೊಳಗೆ ಒಂದು ಉಂಗುರಗಳಿದ್ದವು, ಗುಬುಟು ಇರಲಿಲ್ಲ. ಮೇಷ್ಟ್ರು ಸುಮ್ಮನಿದ್ದದ್ದು ಅದಕ್ಕೇ. ಅವರ ಹಳೆಯ ವಿದ್ಯಾರ್ಥಿಯೊಬ್ಬರು ವಿಶ್ವವಿದ್ಯಾಲಯದಲ್ಲಿ ಇಂಥದ್ದೇ ಕೆಲಸ ಮಾಡುತ್ತಾರೆ, ಅವರಿಗೆ ಬಿಲ್ಲೆಯನ್ನೂ ಜಾಗದ ವಿವರವನ್ನೂ ಫೋಟೋಗಳನ್ನೂ ಕಳಿಸಿದೆವು. ಕೆಲವು ವಾರದ ಮೇಲೆ ಉತ್ತರ ಬಂತು. ಶಾರ್ಕಿನ ಬೆನ್ನುಮಣಿ. ಬೆನ್ನುಮಣಿಯಿಂದಲೇ ಯಾವ ಜಾತಿಯ ಶಾರ್ಕ್ ಅಂತ ಹೇಳುವುದು ಕಷ್ಟ, ಅದೇ ಪದರದಲ್ಲಿ ಹಲ್ಲು ಸಿಕ್ಕರೆ ತಿಳಿಸಿ, ಇದು ಸದ್ಯಕ್ಕೆ ನಮ್ಮ ಹತ್ತಿರವೇ ಇರಲಿ ಅಂತ ಬರೆದಿದ್ದರು. ಗೆಳತಿ ಓದಿದವಳೇ ಜರಡಿ ದೊಡ್ಡದು ತಗೋಬೇಕು ಕಣೇ ಅಂದಳು.